ಸೆರಗಿನ ಮಣ್ಣು

ಅಂದು ಬೆಳಗ್ಗೆ ಗಾಳಿ ಬಿದ್ದು, ಕಡಲು ಎಣ್ಣೆ ಹೊಯ್ದಂತೆ ಮಲಗಿತ್ತು. ಊರುಗಳೆಲ್ಲ ಮುಳುಗಿ ಜನ ತೆಪ್ಪಗಳ ಮೇಲೆ ಸಂಸಾರ ಹೂಡಿದ ಮೇಲೆ, ಉಳಿದ ನೆಲವೆಂದರೆ ಹಳೆಯ ಕೋಟೆಯ ಆ ಪುಟ್ಟ ದ್ವೀಪವೊಂದೇ. ಸರದಿ ಬಂದವರು ಮಾತ್ರ ದೋಣಿಯಲ್ಲಿ ಹೋಗಿ ನೆಲ ಮೆಟ್ಟಿ, ಮರಳುವಾಗ ದಡದಲ್ಲೇ ಕಾಲು ತೊಳೆದು ಅಂಟಿದ ಮಣ್ಣನ್ನು ಅಲ್ಲೇ ಬಿಡಬೇಕು.

ಅಂದಿನ ಸರದಿಯ ಗುಲಾಬಿ ಕಾಲು ತೊಳೆದಳು. ಸೆರಗಿನ ಗಂಟನ್ನು ಮಾತ್ರ ಬಿಚ್ಚಲಿಲ್ಲ.

"ಎಂತದು ಗುಲಾಬಕ್ಕ, ಕೋಟೆಯನ್ನೇ ಕಟ್ಕೊಂಡ್ರಾ?" ಅಂದ ದೋಣಿಯ ಸುಬ್ಬ.

"ಒಂದು ಹಿಡಿ ಮಣ್ಣು ಮಾರಾಯ. ಮೊಮ್ಮಗಳ ಸರದಿ ಯಾವ ಕಾಲಕ್ಕೋ! ಮೊದಲ ಹೆಜ್ಜೆಯಾದ್ರೂ ಭೂಮಿತಾಯಿ ಮೇಲೆ ಬೀಳ್ಲಿ ಅಂತ."

"ಎಲ್ಲರೂ ಹಿಡಿ ಹಿಡಿ ಒಯ್ದರೆ ತಾಯಿ ಎಲ್ಲಿ ಉಳೀತಾಳೆ?" ಸುಬ್ಬ ಹುಟ್ಟು ಕೆಳಗಿಟ್ಟ. "ಬರುವ ಹುಣ್ಣಿಮೆಗೆ ನನ್ನ ಸರದಿ. ಅದು ಕೂಸಿಗಿರಲಿ. ನಾನು ದೋಣಿಯಿಂದಲೇ ಕೈಮುಗೀತೇನೆ."

ಗುಲಾಬಿ ಗಂಟು ಬಿಚ್ಚಿ, ಮಣ್ಣನ್ನು ಕೋಟೆಯ ಬುಡಕ್ಕೆ ಸುರಿದು, ಒಂದು ಕಣವೂ ಉಳಿಯದಂತೆ ಸೆರಗು ಕೊಡವಿದಳು.