ಖಾಲಿ ಪಟ್ಟಿ

"ಒಂಬತ್ತು ಆಸ್ಪತ್ರೇಲೂ ಇಲ್ವಂತೆ ಕಣೇ," ಎಂದು ಅಕ್ಕ ಫೋನಿನಲ್ಲಿ ಹೇಳಿದಾಗ ತಂಗಿ ಕುರ್ಚಿಯಿಂದ ಎದ್ದೇಬಿಟ್ಟಳು. ಅಕ್ಕ ಆಸ್ಪತ್ರೆಯ ಔಷಧ ಉಗ್ರಾಣ ನೋಡಿಕೊಳ್ಳುವವಳು. ಹಾವು ಕಚ್ಚಿದ ತೋಟಗಾರನೊಬ್ಬ ಒಳಗೆ ಮಲಗಿದ್ದ. ವಿಷ ಇಳಿಸುವ ಚುಚ್ಚುಮದ್ದು ಉಗ್ರಾಣದಲ್ಲಿ ಮುಗಿದಿತ್ತು. ಬೇರೆ ಆಸ್ಪತ್ರೆಗಳ ದಾಸ್ತಾನು ಹುಡುಕಿದರೆ ಪರದೆಯ ಮೇಲೆ ಬರೀ ಖಾಲಿ ಪಟ್ಟಿ.

ಒಂಬತ್ತು ಆಸ್ಪತ್ರೆಗಳ ಸರ್ವರ್‌ಗಳಿಗೆ ಪ್ರಶ್ನೆ ಕಳಿಸಿ ಉತ್ತರ ತರುವ ಕೋಡನ್ನು ಬರೆದವಳು ತಂಗಿಯೇ. ಉತ್ತರ ಬರಲು ಎಷ್ಟು ಹೊತ್ತಾಯಿತೆಂದು ಕೇಳಿದಳು. ಗುಂಡಿ ಒತ್ತಿದ ಕೂಡಲೇ ಬಂತು ಎಂದಳು ಅಕ್ಕ. ಅದು ಹೇಗೆ ಸಾಧ್ಯ? ಒಂಬತ್ತು ಉಗ್ರಾಣ ಜಾಲಾಡಲು ಏನಿಲ್ಲವೆಂದರೂ ನಾಲ್ಕು ಸೆಕೆಂಡು ಬೇಕು.

"ಫೋನ್ ಇಡ್ಬೇಡ ಅಕ್ಕ."

ಸರ್ವರ್‌ಗಳು ಕೊಟ್ಟ ಮೂಲ ಉತ್ತರವನ್ನೇ ತೆರೆದಳು. ಔಷಧ ಇಲ್ಲ ಎಂದು ಅಲ್ಲಿ ಯಾರೂ ಹೇಳಿರಲಿಲ್ಲ. ಪ್ರಶ್ನೆ ತಪ್ಪಾಗಿದೆ, ಅದರ ಜೊತೆ ಕಳಿಸುವ ದಿನಾಂಕದಲ್ಲಿ ಈಗ ವರ್ಷ ಮೊದಲು ಬರಬೇಕು ಎಂದು ಒಂಬತ್ತೂ ಸರ್ವರ್‌ಗಳು ಹೇಳಿದ್ದವು. ಆ ಮಾತನ್ನು ನುಂಗಿ ಖಾಲಿ ಪಟ್ಟಿ ಕೊಟ್ಟದ್ದು ಅವಳ ಕೋಡು. ತಪ್ಪಿನ ಸಂದೇಶ ಕಂಡರೆ ಜನ ಗಾಬರಿಯಾಗುತ್ತಾರೆಂದು ಅವಳೇ ಹಾಗೆ ಬರೆದಿದ್ದಳು.

ಗಡಿಬಿಡಿಯಲ್ಲಿ ಎರಡು ಸಲ ತಪ್ಪಾಗಿ ಒತ್ತಿ, ಮೂರನೆಯ ಸಲಕ್ಕೆ ದಿನಾಂಕ ಸರಿಮಾಡಿ, ಮತ್ತೆ ಹುಡುಕು ಎಂದು ಅಕ್ಕನಿಗೆ ಹೇಳಿದಳು. ಒಂದು, ಎರಡು, ಮೂರು, ನಾಲ್ಕು. ಮಕ್ಕಳ ಆಸ್ಪತ್ರೆಯಲ್ಲಿ ಹನ್ನೆರಡು ಸೀಸೆ! ಹತ್ತು ನಿಮಿಷದ ದಾರಿ. ಅಕ್ಕ ಡ್ರೈವರನ್ನು ಕೂಗುತ್ತಾ ಓಡಿದ್ದು ಫೋನಿನಲ್ಲೇ ಕೇಳಿಸಿತು.

ತಂಗಿಗೆ ಕೂರಲಾಗಲಿಲ್ಲ. ನಿಂತೇ ಕೋಡು ತಿದ್ದಿದಳು. ಇನ್ನು ಪ್ರಶ್ನೆ ತಪ್ಪಿದರೆ ಖಾಲಿ ಪಟ್ಟಿ ಬರಕೂಡದು. ಕೇಳಿದ್ದೇನು, ಎಡವಿದ್ದೆಲ್ಲಿ, ಸರ್ವರ್ ಏನೆಂದಿತು, ಅಷ್ಟೂ ಕೆಂಪಕ್ಷರದಲ್ಲಿ ಕಾಣಬೇಕು. ಬೇಕೆಂದೇ ತಪ್ಪು ದಿನಾಂಕ ಕೊಟ್ಟು ನೋಡಿದಳು. ಪರದೆ ಕೆಂಪಾಯಿತು. ಅದನ್ನು ಕಂಡು ಅವಳಿಗೆ ಕುಣಿಯುವಷ್ಟು ಖುಷಿ.

ಒಂದು ಗಂಟೆ ಕಳೆದ ಮೇಲೆ ಅಕ್ಕನ ಫೋನ್ ಬಂತು. ಮದ್ದು ಹತ್ತಿದೆ, ತೋಟಗಾರ ಕಣ್ಣುಬಿಟ್ಟು ನೀರು ಕೇಳಿದ್ದಾನೆ ಎಂದಳು. ತಂಗಿ ಒಂದೇ ಉಸಿರಿಗೆ ತಾನು ಮಾಡಿದ್ದನ್ನೆಲ್ಲ ಹೇಳಿಕೊಂಡಳು. "ಇನ್ಮೇಲೆ ಇಲ್ಲ ಅಂದ್ರೆ ನಿಜವಾಗ್ಲೂ ಇಲ್ಲ ಅಂತಾನೇ ಅರ್ಥ ಅಕ್ಕ."

ಸರ್ವರ್‌ಗಳು ದಿನಾಂಕದ ಕ್ರಮ ಬದಲಿಸಿದ್ದು ಯಾವಾಗ ಎಂದು ಅಕ್ಕ ಕೇಳಿದಳು. ಹೋದ ಸೋಮವಾರ ಎಂದಳು ತಂಗಿ.

ಆ ಕಡೆ ರಿಜಿಸ್ಟರಿನ ಹಾಳೆ ತಿರುವುವ ಸದ್ದು.

"ಗುರುವಾರ ಒಬ್ರಿಗೆ ಎಲ್ಲೂ ಇಲ್ಲ ಅಂತ ಹೇಳಿ ಕಳಿಸಿದ್ದೆ ಕಣೇ."