ಎಣ್ಣೆ ಹಚ್ಚಿದ ಕಲ್ಲುಗಳು

ಹರಳೆಣ್ಣೆಯ ವಾಸನೆ ಬಂದರೆ ಇಂದಿಗೂ ಹಂಸಭಾವಿಯಾಚೆಯ ಗುಡ್ಡದ ಆ ಮಧ್ಯಾಹ್ನ ನನ್ನೆದುರು ನಿಲ್ಲುತ್ತದೆ.

ಅದು ಯುದ್ಧದ ಕಾಲ. ರಸ್ತೆಯ ಜಲ್ಲಿಗಾಗಿ ಗುತ್ತಿಗೆದಾರನೊಬ್ಬ ಗುಡ್ಡದ ಕಾಲುದಾರಿಯ ವೀರಗಲ್ಲುಗಳಿಗೆಲ್ಲ ಸುಣ್ಣದ ಗುರುತು ಹಾಕಿಸಿದ್ದ. ಎಣ್ಣೆ ಹಚ್ಚಿದ ಕಲ್ಲಿನ ಮೇಲೆ ನಮ್ಮ ಸೀಮೆಯ ಕಲ್ಲುಕುಟಿಗರು ಸುತ್ತಿಗೆ ಎತ್ತುತ್ತಿರಲಿಲ್ಲ. ಅದನ್ನು ಬಲ್ಲ ನನ್ನ ಅಜ್ಜಿ ಒಂದು ಕೈಯಲ್ಲಿ ಹರಳೆಣ್ಣೆಯ ಬಟ್ಟಲು, ಇನ್ನೊಂದರಲ್ಲಿ ನನ್ನ ಕೈ ಹಿಡಿದು ಬಿಸಿಲಲ್ಲೇ ಗುಡ್ಡ ಹತ್ತಿ, ಕಲ್ಲಿನಲ್ಲಿ ಕೊರೆದ ಕುದುರೆಗಳಿಗೆ, ಕತ್ತಿಗಳಿಗೆ ಎಣ್ಣೆ ಬಳಿಯುತ್ತ ನಡೆದಳು. ಸುತ್ತಿಗೆ ಹೊತ್ತವರು ನಮ್ಮ ಬೆನ್ನಿಗೇ ಏರಿ ಬರುತ್ತಿದ್ದರು.

“ಏ ಮುದುಕಿ, ನಿನ್ನೆ ಕಲ್ಲಾಗಿದ್ದವು ಇವತ್ತ ದೇವರಾದವೇನು?” ಎಂದು ಗುತ್ತಿಗೆದಾರ ಕೂಗಿದ.

“ಇವನ್ನ ಒಡಿಯಾಕ ನಿನಗ ಹೇಳಿದವರ್ಯಾರು?” ಎಂದಳು ಅಜ್ಜಿ.

“ಮ್ಯಾಲಿನವರ ಹುಕುಂ ಐತಿ.”

“ಮ್ಯಾಲಿನವರಿಗೆ ಹೆಸರಿಲ್ಲೇನೋ?”

ಆ ಹೆಸರನ್ನು ಇಂದಿನವರೆಗೂ ಯಾರೂ ಹೇಳಿಲ್ಲ.

ಒಂದು ಕಲ್ಲು ಉಳಿದಿರುವಾಗಲೇ ಬಟ್ಟಲು ಬರಿದಾಯಿತು. ಕಲ್ಲುಕುಟಿಗನೊಬ್ಬ ಆಗಲೇ ಅದರ ಮುಂದೆ ಸುತ್ತಿಗೆ ಎತ್ತಿದ್ದ. ಅಜ್ಜಿ ನನ್ನನ್ನು ಸೆಳೆದುಕೊಂಡು, ಬೆಳಿಗ್ಗೆ ತಾನೇ ಎಣ್ಣೆ ತಿಕ್ಕಿದ್ದ ನನ್ನ ತಲೆಗೆ ಎರಡೂ ಅಂಗೈ ಉಜ್ಜಿ, ಅವನ್ನು ಕಲ್ಲಿನ ಮೇಲೆ ಒತ್ತಿದಳು.

ಆ ಮನುಷ್ಯ ಸುತ್ತಿಗೆಯನ್ನು ಮೆಲ್ಲಗೆ ಕೆಳಗಿಟ್ಟ. ಆಮೇಲೆ ಚಪ್ಪಲಿ ಕಳಚಿದ.