ನಡುವೆ ಸೇರುವ ಉಸಿರು

೨೦೮೭ರ ಮಾರ್ಚ್ ೧೨, ಬೆಳಿಗ್ಗೆ ೬:೪೦. ಮನಿಲಾದ ಆಸ್ಪತ್ರೆಯಲ್ಲಿ ಅಕ್ಕ ನಾಗವೇಣಿ ಗಂಡನ ಕಿವಿಯಲ್ಲಿ ‘ಹುಮಿಹಿಂಗಾ’ ಎನ್ನುತ್ತಲೇ ಇದ್ದಳು. ಭಾವನ ಭಾಷೆಯಲ್ಲಿ ‘ಹಿಂಗಾ’ ಎಂದರೆ ಉಸಿರು. ಒಳಗೆ ‘ಉಮ್’ ಸೇರಿಸಿ ‘ಹುಮಿಂಗಾ’ ಎಂದರೆ ಉಸಿರಾಡಿ ಮುಗಿಯಿತು. ‘ಹುಮಿಹಿಂಗಾ’ ಎಂದರೆ ಇನ್ನೂ ಉಸಿರಾಡುತ್ತಿದ್ದಾನೆ. ಹಾಗೆ ಹೇಳುವಷ್ಟು ಹೊತ್ತು ರೋಗಿಯ ಎದೆ ಏಳುತ್ತದೆ. ಎಲ್ಲ ಹಾಸಿಗೆಗಳ ಪಕ್ಕದಲ್ಲೂ ಅದೇ ಗುನುಗು.

“ಅಕ್ಕಾ, ಮೂರು ದಿನಾ ಆತು. ಚಾ ಕುಡಿ, ನಾ ಹೇಳ್ತೀನಿ.”

“ಬ್ಯಾಡ. ಹೇಳಿದವರ ಉಸಿರು ಕೇಳಿದವರಿಗೆ ಹೋಗತೈತಿ. ನಿಂದು ನಿನ್ನ ಕಡೆ ಇರ್ಲಿ.”

ಸ್ವಲ್ಪ ಹೊತ್ತಿಗೆ ಅವಳ ಗುನುಗು ನಿಂತಿತು. ಭಾವನ ಎದೆ ಏಳುತ್ತಲೇ ಇತ್ತು.

“ನೋಡು, ತಾವ ಉಸಿರಾಡಾಕತ್ತಾರ,” ಎಂದೆ.

ಅಕ್ಕನ ಕಡೆ ತಿರುಗಿದೆ. ಅವಳ ಎದೆ ಅಲುಗುತ್ತಿರಲಿಲ್ಲ.

ಭಾವನ ಬೆರಳಿನಲ್ಲಿದ್ದ ಆಮ್ಲಜನಕ ಮಾಪಕವನ್ನು ನನ್ನ ಬೆರಳಿಗೆ ಸಿಕ್ಕಿಸಿಕೊಂಡು, ಅಕ್ಕನ ಕಿವಿಗೆ ಬಾಗಿ ಅದೇ ಮಾತು ಹೇಳತೊಡಗಿದೆ. ಅವಳ ಎದೆ ಎದ್ದಿತು. ನನ್ನ ರಕ್ತದ ಆಮ್ಲಜನಕ ಶೇಕಡಾ ೯೮ರಿಂದ ೯೧ಕ್ಕೆ ಇಳಿಯಿತು.